ಓದುಗರ ಪ್ರಶ್ನೆ: ಅರ್ಜೆಂಟ್ ಮೆಸೇಜ್ ಬಂದರೂ ಮೊಬೈಲ್ ಸದ್ದೇ ಮಾಡದಿದ್ದರೆ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ರಾತ್ರಿ ಆಫೀಸಿನ ಮೆಸೇಜಿಗೆ ಬಳಸುವ ಮೈಕ್ರೋಸಾಫ್ಟ್ ಟೀಮ್ಸ್ ಆ್ಯಪನ್ನೂ ಮೊಬೈಲನ್ನೂ ಸದ್ದು ಅಡಗಿಸುವ ಡೂ ನಾಟ್ ಡಿಸ್ಟರ್ಬ್‌ಗೆ ಹಾಕಿ ಮಲಗುತ್ತೇನೆ. ಮೊನ್ನೆ ಸರ್ವರ್ ಕೈಕೊಟ್ಟಾಗ ನಮ್ಮ ತಂಡದ ಮುಖ್ಯಸ್ಥರು (ಲೀಡ್) 'ಅರ್ಜೆಂಟ್' ಎಂದೇ ಕಳಿಸಿದ್ದರಂತೆ. ನನಗೆ ಗೊತ್ತಾಗಿದ್ದು ಬೆಳಿಗ್ಗೆ. — ಓದುಗರು, ಸಾಗರ

ಉತ್ತರ: ನೀವು ಹಾಕಿರುವುದು ಎರಡು ಬೀಗ, ಲೀಡ್ ಕೈಯಲ್ಲಿದ್ದದ್ದು ಒಂದೇ ಕೀಲಿ. ಟೀಮ್ಸ್‌ನ ಅರ್ಜೆಂಟ್ ಮೆಸೇಜ್ ಟೀಮ್ಸ್‌ನೊಳಗಿನ ಡೂ ನಾಟ್ ಡಿಸ್ಟರ್ಬ್ ದಾಟಿ ಬರುತ್ತದೆ. ನೀವು ಓದುವವರೆಗೆ 2 ನಿಮಿಷಕ್ಕೊಮ್ಮೆ, ಒಟ್ಟು 20 ನಿಮಿಷ ಎಚ್ಚರಿಸುತ್ತದೆ. ಆದರೆ ಮೊಬೈಲಿನದ್ದೇ ಡೂ ನಾಟ್ ಡಿಸ್ಟರ್ಬ್ ಆನ್ ಇದ್ದರೆ ಆ ಸದ್ದನ್ನು ಮೊಬೈಲೇ ಅಡಗಿಸುತ್ತದೆ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಡೂ ನಾಟ್ ಡಿಸ್ಟರ್ಬ್‌ಗೆ ಹೋಗಿ, ಅದರ ಆ್ಯಪ್ಸ್ ವಿಭಾಗದಲ್ಲಿ ಟೀಮ್ಸ್ ಸೇರಿಸಿ. ಐಫೋನಿನಲ್ಲಿ ಫೋಕಸ್ ಒಳಗಿನ ಆ್ಯಪ್ಸ್ ಪಟ್ಟಿಗೆ ಸೇರಿಸಬೇಕು. ಹೀಗೆ ಮಾಡಿದ ಮೇಲೆ ಟೀಮ್ಸ್‌ನೊಳಗಿನ ಬೀಗ ಮಾತ್ರ ತೆಗೆಯಬೇಡಿ. ತೆಗೆದರೆ ರಾತ್ರಿಯಿಡೀ 'ಗುಡ್ ನೈಟ್' ಮೆಸೇಜಿಗೂ ಫೋನ್ ಕಿಣಿಕಿಣಿ ಎನ್ನುತ್ತದೆ. ಲೀಡ್ ಅರ್ಜೆಂಟ್ ಒತ್ತಲು ಮರೆತರೂ ಮೆಸೇಜ್ ಮುಟ್ಟಬೇಕೆಂದರೆ ಟೀಮ್ಸ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ 'ಮ್ಯಾನೇಜ್ ಪ್ರಯಾರಿಟಿ ಆ್ಯಕ್ಸೆಸ್' ಇದೆ. ಅಲ್ಲಿ ಅವರ ಹೆಸರು ಹಾಕಿ. ಒಂದೆರಡು ಹೆಸರು ಸಾಕು, ಇಡೀ ಟೀಮನ್ನು ತುಂಬಿದರೆ ಬೀಗ ಹಾಕಿ ಏನು ಬಂತು?

ಇನ್ನೊಂದನ್ನೂ ನೋಡಿಕೊಳ್ಳಿ. ಬ್ಯಾಟರಿ ಉಳಿಸಲೆಂದು ಕೆಲವು ಫೋನುಗಳು ಹಿನ್ನೆಲೆಯಲ್ಲಿರುವ ಆ್ಯಪನ್ನು ನಿಲ್ಲಿಸಿಬಿಡುತ್ತವೆ. ಟೀಮ್ಸ್‌ನ ಬ್ಯಾಟರಿ ಸೆಟ್ಟಿಂಗನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ಆಮೇಲೆ ಲೀಡ್‌ಗೆ ಹೇಳಿ ರಾತ್ರಿ ಹೊತ್ತೇ ಒಂದು ಅರ್ಜೆಂಟ್ ಕಳಿಸಿ ಪರೀಕ್ಷಿಸಿ. ಹಗಲಲ್ಲಿ ಫೋನ್ ಕೈಯಲ್ಲಿಟ್ಟುಕೊಂಡು ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಆಫೀಸಿನ ಗ್ರೂಪ್ ಚಾಟ್‌ನಲ್ಲಿ ಎಲ್ಲರೂ ಎಲ್ಲದಕ್ಕೂ ಅರ್ಜೆಂಟ್ ಒತ್ತುತ್ತಾರೆ. ತಡೆಯುವುದು ಹೇಗೆ? — ಓದುಗರು, ಶಿವಮೊಗ್ಗ

ಉತ್ತರ: ಕಂಪನಿಯ ಟೀಮ್ಸ್ ನೋಡಿಕೊಳ್ಳುವ ಅಡ್ಮಿನ್ ಅದರ ಮೆಸೇಜಿಂಗ್ ಪಾಲಿಸಿಯಲ್ಲಿ ಅರ್ಜೆಂಟ್ ಕಳಿಸುವ ಅನುಮತಿಯನ್ನೇ ತೆಗೆಯಬಹುದು, ಅಥವಾ ಕೆಲವರಿಗಷ್ಟೇ ಕೊಡಬಹುದು. ಎಂಟು ಜನರ ಗ್ರೂಪಿನಲ್ಲಿ ಒಬ್ಬರು ಒತ್ತಿದರೆ ಉಳಿದ ಏಳು ಫೋನೂ ಬಡಿದುಕೊಳ್ಳುತ್ತವೆ. ಹಾಗಾಗಿ ಕೆಲಸ ಯಾರದ್ದೋ ಅವರೊಬ್ಬರಿಗೇ ಕಳಿಸುವುದು ಸರಿ. 'ನಾಳೆ ಬೆಳಿಗ್ಗೆ ನೋಡಿದರೆ ನಡೆಯುತ್ತದೆಯೇ?' ಎಂಬ ಪ್ರಶ್ನೆಗೆ ಹೌದು ಎನ್ನುವಂಥದ್ದಕ್ಕೆ 'ಇಂಪಾರ್ಟೆಂಟ್' ಗುರುತು ಸಾಕು. ಅದು ಮೆಸೇಜನ್ನು ಎದ್ದು ಕಾಣಿಸುತ್ತದೆ, ನಿದ್ದೆ ಕೆಡಿಸುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ನೆಟ್ ಕೂಡ ಹೋಗುತ್ತದೆ. ಆಗ ಅರ್ಜೆಂಟ್ ಮೆಸೇಜ್ ಬರುತ್ತದೆಯೇ? — ಓದುಗರು, ಹೊಸನಗರ

ಉತ್ತರ: ಇಲ್ಲ. ನೆಟ್ ಬಂದ ಮೇಲೆ ಬರುತ್ತದೆ, ಅಷ್ಟೊತ್ತಿಗೆ ಕಾಲ ಮೀರಿರುತ್ತದೆ. ನಿಜಕ್ಕೂ ತುರ್ತಾದದ್ದಕ್ಕೆ ಸಾದಾ ಫೋನ್ ಕಾಲೇ ಗಟ್ಟಿ. 'ಎರಡು ಸಲ ಕಾಲ್ ಮಾಡಿ' ಎಂದು ಆಫೀಸಿನಲ್ಲಿ ಮೊದಲೇ ಹೇಳಿಟ್ಟಿರಿ: ರಿಪೀಟ್ ಕಾಲರ್ಸ್ ಆಯ್ಕೆ ಆನ್ ಇದ್ದರೆ ಡೂ ನಾಟ್ ಡಿಸ್ಟರ್ಬ್‌ನಲ್ಲಿದ್ದರೂ ಎರಡನೇ ಕಾಲ್ ರಿಂಗ್ ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ ಅದೇ ನಂಬರಿನಿಂದ ಬರಬೇಕು. ಟವರ್ ಕೂಡ ಸತ್ತುಹೋಗುವ ಊರಾದರೆ ಮನೆಯ ಫೈಬರ್ ಬಾಕ್ಸ್ ಮತ್ತು ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿಸಿ, ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕಾಲ್) ಆನ್ ಮಾಡಿ. ಯುಪಿಎಸ್ ಕೊಳ್ಳುವ ಮುನ್ನ ಎರಡೂ ಅಡಾಪ್ಟರ್‌ಗಳ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆದರೆ 9 ವೋಲ್ಟಿನ ರೂಟರ್‌ಗಳೂ ಇವೆ. ಮರ ಬಿದ್ದು ಫೈಬರ್ ಕೇಬಲ್ಲೇ ತುಂಡಾದರೆ ಯುಪಿಎಸ್ ಇದ್ದೂ ಉಪಯೋಗವಿಲ್ಲ. ಅಂಥ ದಿನಗಳಿಗೆ ನಿಮ್ಮ ಪಾಳಿ ನೋಡಿಕೊಳ್ಳಲು ಬೇರೆ ಊರಿನ ಸಹೋದ್ಯೋಗಿಯೊಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.