ಫಿಲ್ಲಿಂಗ್ ಪಕ್ಕದಲ್ಲೇ ಮತ್ತೆ ಹುಳುಕು ಏಕೆ?

ಪ್ರಶ್ನೆ: ಮೂರು ವರ್ಷದ ಹಿಂದೆ ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿಸಿದ್ದೆ. ಈಗ ಅದರ ಪಕ್ಕದಲ್ಲೇ ಹುಳುಕಾಗಿದೆಯಂತೆ, ಪೂರ್ತಿ ಕಿತ್ತು ಹೊಸದು ಹಾಕಬೇಕಂತೆ. ಬೆಳ್ಳಿ ಫಿಲ್ಲಿಂಗ್ ಆಗಿದ್ದರೆ ಹೀಗಾಗುತ್ತಿರಲಿಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಹುಳುಕಾಗುವುದು ಫಿಲ್ಲಿಂಗ್ ಅಲ್ಲ, ಅದರ ಅಂಚಿಗೆ ತಾಗಿದ ಹಲ್ಲು. ಅದರಲ್ಲೂ ಎರಡು ಹಲ್ಲುಗಳ ಸಂದಿಯಲ್ಲಿ, ವಸಡಿಗೆ ಹತ್ತಿರದ ಕೆಳ ಅಂಚಿನಲ್ಲೇ ಹೆಚ್ಚು. ಅಲ್ಲಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ತೆಳ್ಳಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಅದರ ಒಳಪದರವಾದ ಬರೀ ಡೆಂಟಿನ್‌ಗೆ ಕಾಂಪೋಸಿಟ್ (ಬಿಳಿ ಫಿಲ್ಲಿಂಗಿನ ಮಟೀರಿಯಲ್) ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಬ್ರಷ್ಷೂ ಅಲ್ಲಿಗೆ ತಲುಪದು.

ಬಿಳಿ ಫಿಲ್ಲಿಂಗ್ ಗಟ್ಟಿಯಾಗುವಾಗ ಸುಮಾರು 2–3 ಶೇಕಡಾ ಕುಗ್ಗುತ್ತದೆ. ಒಂದೇ ಸಲ ತುಂಬಿದರೆ ಆ ಎಳೆತಕ್ಕೆ ಅಂಚು ಬಿಡುತ್ತದೆ. ಅದಕ್ಕೇ ಮಾಮೂಲಿ ಕಾಂಪೋಸಿಟ್ ಅನ್ನು 2 ಮಿ.ಮೀ. ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸುಮಾರು 20 ಸೆಕೆಂಡ್ ನೀಲಿ ಬೆಳಕು ಕೊಡುವುದು. ಕುಳಿ ಆಳವಿದ್ದರೆ ಲೈಟಿನ ತುದಿ ತಳದಿಂದ ದೂರ ಉಳಿಯುತ್ತದೆ, ತಳದ ಪದರ ಅರೆಬರೆ ಗಟ್ಟಿಯಾಗುತ್ತದೆ. ಇನ್ನೊಂದು ಶತ್ರು ಎಂಜಲು. ಫಿಲ್ಲಿಂಗ್ ಹಲ್ಲಿಗೆ ಅಂಟಲೆಂದು 37 ಶೇಕಡಾ ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆದ ಮೇಲೆ ಎಂಜಲೋ ವಸಡಿನ ರಕ್ತವೋ ತಾಗಿದರೆ ಬಾಂಡ್ ಹಿಡಿಯುವುದಿಲ್ಲ, ಆ ಕೆಲಸ ಮತ್ತೆ ಮೊದಲಿಂದಲೇ ಆಗಬೇಕು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ‘ರಬ್ಬರ್ ಡ್ಯಾಮ್ ಹಾಕುತ್ತೀರಾ?’ ಎಂದು ಕೇಳಲು ಸಂಕೋಚ ಬೇಡ.

ಬೆಳ್ಳಿ ಫಿಲ್ಲಿಂಗ್ ಈ ವಿಷಯದಲ್ಲಿ ಮೇಲು, ನಿಜ. ಸ್ವಲ್ಪ ತೇವವನ್ನು ತಡೆದುಕೊಳ್ಳುತ್ತದೆ. ಕಾಲ ಕಳೆದಂತೆ ಅದರ ತುಕ್ಕೇ ಅಂಚಿನ ಬಿರುಕನ್ನು ಮುಚ್ಚುತ್ತದೆ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲವಾದ್ದರಿಂದ ನಿಲ್ಲಿಸಲು ಒಳ್ಳೆಯ ಹಲ್ಲನ್ನೂ ಕೊರೆಯಬೇಕು. ತೂಕದಲ್ಲಿ ಅರ್ಧದಷ್ಟು ಪಾದರಸ ಬೇರೆ. ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ವೈದ್ಯಕೀಯ ಅನಿವಾರ್ಯ ಇದ್ದರಷ್ಟೇ ಅದನ್ನು ಬಳಸಬಹುದೆಂದು ನಿರ್ಬಂಧಿಸಿದೆ.

ಪೂರ್ತಿ ಕೀಳಿಸುವ ಮೊದಲು ಸಂದಿ ಕಾಣುವ ಬೈಟ್‌ವಿಂಗ್ ಎಕ್ಸ್‌ರೇ ತೆಗೆಸಿ. ಅಂಚಿನಲ್ಲಿ ಕಂದು ಗೆರೆ ಕಂಡ ಮಾತ್ರಕ್ಕೆ ಹುಳುಕಲ್ಲ. ಕಾಫಿ, ಎಲೆಯಡಿಕೆಯ ಕಲೆಯೂ ಹಾಗೇ ಕಾಣುತ್ತದೆ. ಮೆತ್ತಗಾಗಿದೆಯೇ, ಗುಳಿ ಬಿದ್ದಿದೆಯೇ ಎಂಬುದು ಮುಖ್ಯ. ಹುಳುಕು ಒಂದೇ ಕಡೆ ಇದ್ದರೆ ಅಷ್ಟನ್ನೇ ಕೊರೆದು ಹೊಸ ಮಟೀರಿಯಲ್ ಸೇರಿಸಬಹುದು. ಪ್ರತಿಸಲ ಪೂರ್ತಿ ಬದಲಿಸಿದಾಗಲೂ ಕುಳಿ ದೊಡ್ಡದಾಗುತ್ತಾ ಹೋಗಿ, ಕೊನೆಗೆ ರೂಟ್ ಕೆನಾಲ್, ಕ್ಯಾಪ್‌ಗೆ ಬಂದು ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಫಿಲ್ಲಿಂಗ್ ಇರುವವರು ಫ್ಲೋರೈಡ್ ಪೇಸ್ಟ್ ಬಳಸಬಹುದೇ?
— ಓದುಗರು, ಪಾವಗಡ

ಉತ್ತರ: ದೊಡ್ಡವರು ಧಾರಾಳವಾಗಿ ಬಳಸಬಹುದು. ಪೇಸ್ಟ್ ಉಗಿಯುತ್ತೀರಿ, ನೀರು ಕುಡಿಯುತ್ತೀರಿ, ಅಪಾಯ ನೀರಿನದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ರಾತ್ರಿ ಹಲ್ಲುಜ್ಜಿ ನೊರೆ ಉಗಿದ ಮೇಲೆ ಬಾಯಿ ಮುಕ್ಕಳಿಸಬೇಡಿ, ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ಹಲ್ಲು ಇನ್ನೂ ಒಳಗೆ ಬೆಳೆಯುತ್ತಿರುವ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಬೇಕು. ನಿಮ್ಮ ಕಡೆಯ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್, ಎಷ್ಟು ಎಂಬುದನ್ನು ದಂತವೈದ್ಯರನ್ನೇ ಕೇಳಿ.

ಪ್ರಶ್ನೆ: ಅಪ್ಪನಿಗೆ 72, ಸಕ್ಕರೆ ಕಾಯಿಲೆ, ಬಾಯಿ ಒಣಗುತ್ತದೆ. ವಸಡು ಸರಿದ ಕಡೆ ಬೇರು ಹುಳುಕಾಗಿ ಗ್ಲಾಸ್ ಅಯಾನೊಮರ್ ಎಂಬ ಫಿಲ್ಲಿಂಗ್ ಹಾಕಿದ್ದಾರೆ. ಅದು ಬೇಗ ಸವೆಯುತ್ತದಂತೆ?
— ಓದುಗರು, ಶಿರಸಿ

ಉತ್ತರ: ಅಗಿಯುವ ಜಾಗದಲ್ಲಿ ಸವೆಯುತ್ತದೆ, ವಸಡಿನ ಪಕ್ಕ ಅಷ್ಟು ಒತ್ತಡ ಬೀಳುವುದಿಲ್ಲ. ಈ ಮಟೀರಿಯಲ್ ಹಲ್ಲಿಗೆ ರಾಸಾಯನಿಕವಾಗಿ ಅಂಟುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಪೇಸ್ಟಿನಿಂದ ಮತ್ತೆ ತುಂಬಿಕೊಳ್ಳುತ್ತದೆ ಕೂಡ. ಹಾಕಿದ ಕೂಡಲೇ ವಾರ್ನಿಷ್ ಅಥವಾ ವ್ಯಾಸಲಿನ್ ಲೇಪ ಬೇಕು; ಇಲ್ಲದಿದ್ದರೆ ಎಂಜಲು ತಾಗಿ ಮೇಲ್ಮೈ ಕರಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮೊದಲ 24 ಗಂಟೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬಾರದು.

ಎನಾಮೆಲ್ ಕರಗಲು ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 5.5ರ ಆಸುಪಾಸಿಗೆ ಇಳಿಯಬೇಕು. ಬೇರು 6ರ ಮೇಲಿದ್ದರೂ ಕರಗತೊಡಗುತ್ತದೆ. ಹಾಗಾಗಿ ಬಾಯಿ ಒಣಗಿದಾಗ ಆಮ್ಲ ಹುಟ್ಟಿಸುವ ಸಕ್ಕರೆ ಪೆಪ್ಪರ್‌ಮಿಂಟ್ ಚೀಪುವ ರೂಢಿ ಬಿಡಿಸಿ. ಬದಲಿಗೆ ಆಗಾಗ ಗುಟುಕು ನೀರು, ಇಲ್ಲವೇ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಸಾಕು. ಬಾಯಿ ಒಣಗಿಸುವ ಮಾತ್ರೆಗಳೂ ಉಂಟು. ಮುಂದಿನ ಸಲ ಸಕ್ಕರೆ ತೋರಿಸಲು ಹೋದಾಗ ಮಾತ್ರೆ ಚೀಟಿಯನ್ನು ಡಾಕ್ಟರ ಮುಂದಿಟ್ಟು ಕೇಳಿ.