ಆರನೇದನ್ನ ಹಾರಿಸ್ಬೇಡಿ, ನಾನು ಹಾರಿಸಿ ಬೈಸ್ಕೊಂಡಿದ್ದೀನಿ

ಪೋಸ್ಟ್ ನೋಡಿ ಸುಮ್ನಿರೋಣ ಅಂದ್ಕೊಂಡೆ, ಆಗ್ಲಿಲ್ಲ. ದಸರಾ ರಜೆಗೆ ಬಂದಿರೋ ಅಕ್ಕನ ಮಕ್ಕಳಿಗೆ ಹ್ಯಾರಿ ಪಾಟರ್ ಎಂಟೂ ತೋರಿಸ್ತಿದ್ದೀರಿ, ಐದು ಮುಗೀತು. ಈಗ "ಹಾಫ್ ಬ್ಲಡ್ ಪ್ರಿನ್ಸ್ ಬರೀ ಲವ್ ಸ್ಟೋರಿ, ಮೇಲಿಂದ ಕತ್ತಲೆ, ಹತ್ತು ನಿಮಿಷದ ರೀಕ್ಯಾಪ್ ಹಾಕಿ ನೇರ ಏಳಕ್ಕೆ ಹೋಗ್ತೀನಿ, ಟಿವಿ ಬ್ರೈಟ್‌ನೆಸ್ ಎಷ್ಟಿಡಲಿ" ಅಂತ ಕೇಳಿದ್ದೀರಿ. ಕೆಳಗೆ ಎಲ್ರೂ "ಸರಿಯಾಗಿ ಹೇಳಿದ್ರಿ ಸರ್" ಅಂತ ತಲೆಯಾಡಿಸಿದ್ದಾರೆ. ಆಡಿಸಿದವರೆಲ್ಲ ಪುಸ್ತಕ ಓದಿದವರು. ತೊಂದರೆ ಇರೋದೇ ಅಲ್ಲಿ.

ನಾನು ಅದನ್ನೇ ಮಾಡಿದ್ದೆ, 2011ರಲ್ಲಿ. ಜುಲೈ 15ಕ್ಕೆ ಎಂಟನೇದು ರಿಲೀಸ್. ಚಿಕ್ಕಪ್ಪನ ಮಕ್ಕಳು ಇಬ್ಬರು, ಒಬ್ಬನಿಗೆ 12, ಚಿಕ್ಕವಳಿಗೆ 9. ಥಿಯೇಟರಿಗೆ ಕರ್ಕೊಂಡು ಹೋಗೋ ಮುಂಚೆ ಎಲ್ಲ ತೋರಿಸ್ಬೇಕು ಅಂತ ಎರಡು ವೀಕೆಂಡ್ ಡಿವಿಡಿ ಹಾಕ್ಕೊಂಡು ಕೂತೆ. ಆರನೇದರ ಮೇಲೆ ನನಗೆ ಹಳೇ ಸಿಟ್ಟು. 2005ರಲ್ಲಿ ಪುಸ್ತಕ ಬಂದಾಗ ಎರಡೇ ದಿನಕ್ಕೆ ಮುಗಿಸಿದ್ದವಳು ನಾನು. ಸಿನಿಮಾ 2008ರ ನವೆಂಬರ್‌ಗೆ ಅಂತ ಹೇಳಿ, ಎಂಟು ತಿಂಗಳು ಮುಂದಕ್ಕೆ ಹಾಕಿ, 2009ರ ಜುಲೈನಲ್ಲಿ ಬಿಟ್ರು. ಅಷ್ಟು ಕಾಯಿಸಿದ ಮೇಲೆ ನೋಡಿದ್ರೆ ಖಳನಾಯಕ ವೋಲ್ಡೆಮಾರ್ಟ್ ತಾಯಿಯ ಗಾಂಟ್ ಮನೆತನ ಇಲ್ಲ, ಹಾಗ್ವರ್ಟ್ಸ್ ಶಾಲೆಯೊಳಗಿನ ಕಾಳಗ ಇಲ್ಲ, ಅಲ್ಲಿನ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಅಂತ್ಯಸಂಸ್ಕಾರ ಇಲ್ಲ. ಆದ್ರೆ ಹ್ಯಾರಿ ಹುಡುಗಿ ಜಿನ್ನಿ ಅವನ ಶೂ ಲೇಸ್ ಕಟ್ಟೋದಿದೆ! ಹೊರಗೆ ಬಂದು ಪಾರ್ಕಿಂಗ್‌ನಲ್ಲಿ ಮುಕ್ಕಾಲು ಗಂಟೆ ಬೈದಿದ್ದೀವಿ.

ಆ ಸಿಟ್ಟಿನಲ್ಲಿ ಮಕ್ಕಳಿಗೆ ಆರನೇದು ಹಾಕ್ಲೇ ಇಲ್ಲ. "ಡಂಬಲ್‌ಡೋರ್‌ನ ಅದೇ ಶಾಲೆ ಮೇಷ್ಟ್ರಾದ ಸ್ನೇಪ್ ಕೊಂದ. ವೋಲ್ಡೆಮಾರ್ಟ್ ತನ್ನ ಆತ್ಮವನ್ನ ಚೂರು ಮಾಡಿ ವಸ್ತುಗಳಲ್ಲಿ ಬಚ್ಚಿಟ್ಟಿದ್ದಾನೆ, ಅದನ್ನ ಹುಡುಕ್ಬೇಕು" ಅಂತ ಬಾಯಲ್ಲಿ ಹೇಳಿ ಏಳಕ್ಕೆ ಹಾರಿದೆ. ಏಳು ಹೇಗೋ ನಡೀತು, ಅರ್ಧರ್ಧ ಗಂಟೆಗೆ ನಿಲ್ಲಿಸಿ "ಈ ಲಾಕೆಟ್ ಯಾರ್ದು", "ಆರ್.ಎ.ಬಿ. ಯಾರು" ಅಂತ ಪಾಠ ಮಾಡ್ತಾ. ಎಂಟರಲ್ಲಿ ನನ್ನ ಬಣ್ಣ ಬಯಲಾಯ್ತು. ಸ್ನೇಪ್ ನೆನಪುಗಳ ಸೀನ್. ಇಡೀ ಹಾಲ್ ಮೂಗು ಒರೆಸ್ಕೊಳ್ತಿದೆ, ನಮ್ಮ ಹುಡುಗ ಜೋರಾಗಿ "ಅಕ್ಕಾ, ಇಂಟರ್ವಲ್ ಆಗೋಯ್ತಾ?" ಅಂತಾನೆ. ಅವನ ತಪ್ಪಲ್ಲ. ಸ್ನೇಪ್ ಮೇಲೆ ಅವನಿಗೆ ಕೋಪವೇ ಬಂದಿರ್ಲಿಲ್ಲ, ಇನ್ನು ಅದು ಕರಗೋದೆಲ್ಲಿಂದ? ಕೊಂದ ಅನ್ನೋ ಸುದ್ದಿ ನಾನು ಕೊಟ್ಟಿದ್ದೆ. ಆ ಗೋಪುರದ ಮೇಲೆ ಮುದುಕ ಡಂಬಲ್‌ಡೋರ್ ಬೇಡಿಕೊಳ್ಳೋದನ್ನ, ಸ್ನೇಪ್ ಮಂತ್ರದ ಕೋಲೆತ್ತೋದನ್ನ ಅವರು ನೋಡಿರ್ಲಿಲ್ಲ. ನಿಮ್ಮ ಹತ್ತು ನಿಮಿಷದ ರೀಕ್ಯಾಪೂ ಸುದ್ದಿ ಕೊಡುತ್ತೆ, ಅಷ್ಟೇ.

ಐದಾರು ವರ್ಷ ಆದ್ಮೇಲೆ ಚಿಕ್ಕವಳು ಹಾಸ್ಟೆಲ್‌ನಲ್ಲಿ ಯಾರದ್ದೋ ಲ್ಯಾಪ್‌ಟಾಪಲ್ಲಿ ಆರನೇದು ನೋಡಿ ರಾತ್ರಿ 11ಕ್ಕೆ ಫೋನ್ ಮಾಡಿದ್ಳು. "ಇದನ್ಯಾಕೆ ತೋರಿಸ್ಲಿಲ್ಲ? ನನಗೆ ಎಂಟನೇದು ಹಾಳು ಮಾಡಿದ್ದು ನೀನು." ಅವತ್ತಿಂದ ಯಾರಾದ್ರೂ ಆರನೇದು ಸ್ಕಿಪ್ ಅಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ.

ಈಗ ಇಲ್ಲಿ ಬೈದಿರೋರಿಗೆ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರು ಕಾಲಮಿತಿ ಆಟಕ್ಕೆ ಹೋದ್ರೆ ಹೀಗೇ. ಆ ಪದ್ಯ ಬಿಟ್ಟ, ಈ ಪದ್ಯ ಹಾರಿಸಿದ ಅಂತ ಲೆಕ್ಕ ಹಾಕೋದ್ರಲ್ಲೇ ಆಟ ಮುಗಿದಿರುತ್ತೆ. ಪಕ್ಕದಲ್ಲಿ ಮೊದಲ ಸಲ ಬಂದವನು ಬಾಯಿ ಬಿಟ್ಕೊಂಡು ನೋಡ್ತಿರ್ತಾನೆ. ಪುಸ್ತಕ ಮುಟ್ಟದ ಮಕ್ಕಳಿಗೆ 153 ನಿಮಿಷದ ಆ ಸಿನಿಮಾ ಬೋರ್ ಹೊಡೆಯಲ್ಲ. ಹ್ಯಾರಿ ಎದುರಾಳಿ ಡ್ರೇಕೋ ಒಬ್ಬನೇ ಸಾಕು: ಕಪಾಟು, ಹಕ್ಕಿ, ಬಚ್ಚಲಲ್ಲಿ ಅಳೋದು. ಐದು ಸಿನಿಮಾ ಬರೀ ಕುಚೋದ್ಯ ಮಾಡ್ಕೊಂಡಿದ್ದ ಹುಡುಗನಿಗೆ ಟಾಮ್ ಫೆಲ್ಟನ್ ಇದರಲ್ಲಿ ಮನುಷ್ಯನ ಮುಖ ಕೊಟ್ಟಿದ್ದಾನೆ. ಮೇಷ್ಟ್ರು ಸ್ಲಗ್‌ಹಾರ್ನ್‌ನ ಮೀನಿನ ಕಥೆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಹ್ಯಾರಿ ತಾಯಿ ಲಿಲಿ ಕೊಟ್ಟ ಬಟ್ಟಲು, ಹೂವಿನ ಎಸಳು ಮೀನಾಗೋದು, ಅವಳು ಸತ್ತ ದಿನ ಬಟ್ಟಲು ಖಾಲಿ ಆಗೋದು. ಜಿಮ್ ಬ್ರಾಡ್‌ಬೆಂಟ್ ಅದನ್ನ ಹೇಳೋವಾಗ ನನ್ನಂಥ ಪುಸ್ತಕದ ಹುಳಾನೂ ತೆಪ್ಪಗಾಗ್ಬೇಕು.

ಹಾಗಂತ ಸಿನಿಮಾ ಸಾಚಾ ಅಂತಲ್ಲ. ಹ್ಯಾರಿ ಗೆಳೆಯ ರಾನ್‌ನ ಮನೆ, "ದಿ ಬರೋ", ಸುಟ್ಟಿದ್ದು ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ. ಪುಸ್ತಕದಲ್ಲಿಲ್ಲ, ಏಳರಲ್ಲಿ ನೋಡಿದ್ರೆ ಅದೇ ಮನೆ ಮದುವೆಗೆ ಸಿಂಗರಿಸ್ಕೊಂಡು ನಿಂತಿದೆ. ಕೊನೇ ಕಾಳಗ ತೆಗೆದದ್ದಕ್ಕೆ ಎಂಟರಲ್ಲಿ ದೊಡ್ಡ ಯುದ್ಧ ಇದೆ, ಎರಡೆರಡು ಸಲ ಬೇಡ ಅಂತ ಅವರ ಸಮಜಾಯಿಷಿ, ಅದನ್ನ ಒಪ್ಪಬಹುದು. ಆದ್ರೆ ಗೋಪುರದಲ್ಲಿ ಹ್ಯಾರಿ ಕೆಳಗೆ ಅವಿತು ನೋಡ್ತಾ ನಿಲ್ಲೋದು ಒಪ್ಪೋಕಾಗಲ್ಲ. ಪುಸ್ತಕದಲ್ಲಿ ಡಂಬಲ್‌ಡೋರ್ ಮಂತ್ರ ಹಾಕಿ ಅವನನ್ನ ಕಟ್ಟಿ ನಿಲ್ಲಿಸಿರ್ತಾನೆ. ಆ ಹುಡುಗ ಸುಮ್ನೆ ನಿಲ್ಲೋ ಜಾತಿಯೇ ಅಲ್ಲ. ಮಕ್ಕಳು ಕೇಳಿದ್ರೆ ಇದೊಂದು ಹೇಳ್ಬಿಡಿ.

ದೊಡ್ಡ ಪೆಟ್ಟು ಮಾತ್ರ ಬೇರೆ ಕಡೆ ಬಿದ್ದಿದೆ. "ಬರೀ ಲವ್ ಸ್ಟೋರಿ" ಅಂತೀರಲ್ಲ, ಪುಸ್ತಕದಲ್ಲೂ ಅಷ್ಟೇ ಲವ್ ಇದೆ. ರಾನ್ ಪ್ರೇಮದ ಮದ್ದು ಹಾಕಿದ ಚಾಕ್ಲೇಟ್ ತಿಂದು ಹುಚ್ಚಾಗೋದನ್ನ ಓದಿ ನಗ್ತೀವಿ. ಆದ್ರೆ ಅದೇ ಪುಸ್ತಕದಲ್ಲಿ ಮೆರೋಪಿ ಇದ್ದಾಳೆ, ವೋಲ್ಡೆಮಾರ್ಟ್ ತಾಯಿ. ಅವಳು ಬಹುಶಃ ಅಂಥದ್ದೇ ಮದ್ದು ಕುಡಿಸಿ ಗಂಡನ್ನ ಕಟ್ಕೊಂಡಳು, ಅದು ಇಳಿದ ದಿನ ಅವನು ಬಸುರಿ ಹೆಂಡತಿನ ಬಿಟ್ಟು ಹೋದ ಅಂತ ಡಂಬಲ್‌ಡೋರ್ ಊಹೆ. ಆ ಕಥೆ ಓದಿದ ಮೇಲೆ ರಾನ್ ಚಾಕ್ಲೇಟಿಗೆ ಮೊದಲಿನಷ್ಟು ನಗು ಬರಲ್ಲ. ಸಿನಿಮಾದವರು ಚಾಕ್ಲೇಟ್ ಇಟ್ಕೊಂಡು ಮೆರೋಪಿನ ಬಿಸಾಕಿದ್ರು. ಅದಕ್ಕೇ ಕಾಲೇಜು ಡೇ ನಾಟಕ ಥರ ಕಾಣೋದು.

ಇದಕ್ಕೆ ನನ್ನ ಹತ್ರ ಒಂದು ದಾರಿ ಇದೆ. ಈವರೆಗೆ ಮೂರು ಬ್ಯಾಚ್ ಮಕ್ಕಳ ಮೇಲೆ ಪ್ರಯೋಗ ಆಗಿದೆ, ಮೂರೂ ಪಾಸು.

ಸಿನಿಮಾ ಶುರುವಾಗೋ ಮುಂಚೆ ಟೀಪಾಯ್ ಮೇಲೆ ಒಂದು ಟವೆಲ್ ಹಾಸಿ, ವೋಲ್ಡೆಮಾರ್ಟ್ ಆತ್ಮದ ಚೂರು ಬಚ್ಚಿಟ್ಟ ಆರು ವಸ್ತುಗಳಿಗೆ ಆರು ಜಾಗ ಮಾಡಿ, ಮೇಲೊಂದು ಬಟ್ಟೆ ಮುಚ್ಚಿ. ಏನು ಅಂತ ಹೇಳ್ಬೇಡಿ. ಒಳಗೆ ಇರ್ಬೇಕಾದ್ದು: ಹಳೇ ಡೈರಿ, ಒಂದು ಉಂಗುರ, ಸರ, ಕಿವಿ ಇರೋ ಕಪ್, ಆಟದ ಹಾವು, ಆರನೇ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರೆದ ಚೀಟಿ. ಸ್ಲಗ್‌ಹಾರ್ನ್ ನಿಜವಾದ ನೆನಪು ಕೊಟ್ಟು, ಡಂಬಲ್‌ಡೋರ್ ಡೈರಿ, ಉಂಗುರ ಎರಡನ್ನ ತೋರಿಸ್ತಾನಲ್ಲ, ಅಲ್ಲಿ ಸಿನಿಮಾ ನಿಲ್ಲಿಸಿ. ಅದಕ್ಕಿಂತ ಮುಂಚೆ ಬೇಡ. ಬಟ್ಟೆ ತೆಗೀರಿ. ಡೈರಿ, ಉಂಗುರ ಎರಡನ್ನೂ ಬೋರಲು ಹಾಕಿ, ಅವು ಮುಗಿದವು. ಆಮೇಲೆ ಕಥೆ: ಗಾಂಟ್ ಮನೆತನದ ಬಡತನ, ದೊಡ್ಡಸ್ತಿಕೆ, ಹೊಟ್ಟೆಗಿಲ್ಲದಿದ್ರೂ ಉಂಗುರ ಬಿಡದ ಅಜ್ಜ. ಮೆರೋಪಿ ಸ್ಲಿದರಿನ್ ವಂಶದ ಲಾಕೆಟ್‌ನ ಬರೀ ಹತ್ತು ಗ್ಯಾಲಿಯನ್ ನಾಣ್ಯಕ್ಕೆ ಮಾರಿದ್ದು, ಅನಾಥಾಶ್ರಮದಲ್ಲಿ ಹೆತ್ತು ಸತ್ತಿದ್ದು. ಮಗ ದೊಡ್ಡವನಾಗಿ ಹೆಪ್ಜಿಬಾ ಅನ್ನೋ ಶ್ರೀಮಂತ ಮುದುಕಿ ಹತ್ರ ಅದೇ ಲಾಕೆಟ್ ನೋಡಿದ್ದು, ಪಕ್ಕದಲ್ಲಿ ಹಫಲ್‌ಪಫ್ ಕಪ್. ಮುದುಕಿ ಕುಡಿಯೋ ಕೋಕೋಗೆ ವಿಷ, ಸಿಕ್ಕಿಹಾಕಿಕೊಂಡಿದ್ದು ಮನೆ ಕೆಲಸದ ಎಲ್ಫ್. ಆರೇಳು ನಿಮಿಷ ಸಾಕು. ಹರಿಕಥೆ ದಾಸರಂಗೆ ಎಳೆದ್ರೆ ಮಕ್ಕಳು ಎದ್ದು ನೀರು ಕುಡಿಯೋಕೆ ಹೋಗ್ತಾರೆ, ಒಬ್ಬ ವಾಪಸ್ ಬರಲ್ಲ.

ಗುಹೆ ಸೀನ್ ಆದ್ಮೇಲೆ ಸರಾನ ಅವರ ಕೈಗೇ ಕೊಡಿ, ಕೊನೇಲಿ ಅದು ನಕಲಿ ಅಂತ ಗೊತ್ತಾದಾಗ ವಾಪಸ್ ಇಸ್ಕೊಳ್ಳಿ. ಅವರ ಮುಖ ನೋಡ್ಬೇಕು ಆಗ. ಏಳು, ಎಂಟು ನೋಡೋವಾಗ್ಲೂ ಟವೆಲ್ ಹಾಗೇ ಇರ್ಲಿ, ಒಂದೊಂದು ನಾಶ ಆದಾಗ ಅವರೇ ಬಂದು ಬೋರಲು ಹಾಕ್ತಾರೆ. ಚೀಟಿ ಜಾಗಕ್ಕೆ ಏನು ಅಂತ ಎಂಟರಲ್ಲಿ ಗೊತ್ತಾಗುತ್ತೆ, ಅದೊಂದು ಕಿರೀಟ, ಅದರ ಬದಲಿಗೆ ಒಂದು ಹೇರ್‌ಬ್ಯಾಂಡ್ ಜೇಬಲ್ಲಿ ಇಟ್ಕೊಂಡಿರಿ. ಪುಸ್ತಕದಲ್ಲಿ ಹ್ಯಾರಿ ತನ್ನ ಪೋಷನ್ (ಮಾಯಾ ಮದ್ದು) ಪಾಠದ ಪುಸ್ತಕ ಬಚ್ಚಿಡೋವಾಗ ಆ ಕಿರೀಟವನ್ನೇ ಗುರುತಿಗೆ ಅಂತ ಎತ್ತಿಡ್ತಾನೆ, ಏನು ಅಂತ ಗೊತ್ತಿಲ್ದೆ! ಸಿನಿಮಾದಲ್ಲಿ ಆ ಜಾಗವನ್ನ ಜಿನ್ನಿ ಮುತ್ತು ನುಂಗ್ತು. ಹೋಗ್ಲಿ ಬಿಡಿ, ಮತ್ತೆ ಪಾರ್ಕಿಂಗ್ ನೆನಪಾಗುತ್ತೆ.

ಎಚ್ಚರಿಕೆಗಳು ಒಂದಿಷ್ಟು. ಏಳನೇ ಜಾಗ ಮಾಡ್ಬೇಡಿ, ಜಾಣ ಹುಡುಗರು ಲೆಕ್ಕ ಹಾಕ್ತಾರೆ, ಹ್ಯಾರಿ ಗುಟ್ಟು ಬಯಲಾಗುತ್ತೆ. "ಆತ್ಮ ಏಳು ಚೂರಲ್ವಾ, ಇಲ್ಲಿ ಆರೇ ಇದೆ" ಅಂತ ಕೇಳಿದ್ರೆ ಏಳನೇದು ವೋಲ್ಡೆಮಾರ್ಟ್ ಮೈಯಲ್ಲೇ ಇದೆ ಅನ್ನಿ, ಸುಳ್ಳಲ್ಲ. ಹಾವಿನ ಬಗ್ಗೆ ಡಂಬಲ್‌ಡೋರ್‌ಗೆ ಅನುಮಾನ ಇತ್ತು ಅಂತ ಮಾತ್ರ ಹೇಳಿ. ಸ್ನೇಪ್ ಒಳ್ಳೆಯವನೋ ಕೆಟ್ಟವನೋ ಅಂತ ಪೀಡಿಸ್ತಾರೆ, "ನಿನಗೇನನ್ಸುತ್ತೆ" ಅಂದು ಅಡುಗೆಮನೆಗೆ ಹೋಗ್ಬಿಡಿ. ಸ್ನೇಪ್ ಪಾತ್ರ ಮಾಡಿದ ಅಲನ್ ರಿಕ್‌ಮನ್‌ಗೆ ಲೇಖಕಿ ಆ ಗುಟ್ಟಿನ ಎಳೆಯೊಂದನ್ನ ವರ್ಷಗಳ ಮುಂಚೆಯೇ ಹೇಳಿದ್ರು, ಆತ ಹೊಟ್ಟೆಲಿಟ್ಕೊಂಡು ನಟಿಸ್ಲಿಲ್ವಾ? ನೀವು ಎರಡು ದಿನ ಸುಮ್ನಿರಿ. ನಿಜವಾದ ಚಿನ್ನದ ಉಂಗುರ ಇಡ್ಬೇಡಿ. ನಾನು ನಿಶ್ಚಿತಾರ್ಥದ್ದು ಇಟ್ಟು, ಮೂರು ದಿನ ಸಿಗದೆ, ನಮ್ಮತ್ತೆ ಕೈಲಿ ಏನೇನು ಕೇಳಿಸ್ಕೊಂಡೆ ಅಂತ ಇಲ್ಲಿ ಬರೆಯೋಕಾಗಲ್ಲ.

ಬ್ರೈಟ್‌ನೆಸ್ ಬಗ್ಗೆ. ದಯವಿಟ್ಟು ಮುಟ್ಬೇಡಿ. ಆ ಕತ್ತಲೆ ನಿಮ್ಮ ಟಿವಿ ದೋಷ ಅಲ್ಲ, ಛಾಯಾಗ್ರಾಹಕ ಬ್ರೂನೋ ಡೆಲ್ಬೊನೆಲ್ ಬೇಕಂತಲೇ ಬಣ್ಣ ಹಿಂಡಿ ತೆಗೆದದ್ದು. ಆ ಛಾಯಾಗ್ರಹಣಕ್ಕೇ ಆಸ್ಕರ್ ನಾಮಿನೇಷನ್ ಸಿಕ್ತು. ಬ್ರೈಟ್‌ನೆಸ್ ಏರಿಸಿದ್ರೆ ಕಪ್ಪು ಹೋಗಿ ಬೂದಿ ಬರುತ್ತೆ, ಗುಹೆ ಸೀನ್ ಮಂಜಲ್ಲಿ ತೆಗೆದಂಗೆ ಕಾಣುತ್ತೆ. ಮೊದಲು ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಪಿಕ್ಚರ್ ಮೋಡ್ ವಿವಿಡ್‌ನಿಂದ ಸಿನಿಮಾಗೆ ತನ್ನಿ, ಫಿಲ್ಮ್‌ಮೇಕರ್ ಮೋಡ್ ಇದ್ರೆ ಇನ್ನೂ ಒಳ್ಳೇದು. ಇಕೋ ಮೋಡ್, ಪವರ್ ಸೇವಿಂಗ್ ಎಲ್ಲ ತೆಗೀರಿ, ಅರ್ಧ ಜನರ "ಕತ್ತಲೆ" ದೂರು ಅಲ್ಲೇ ಮುಗಿಯುತ್ತೆ. ಚಿತ್ರದ ಓಟ ನಯ ಮಾಡೋ ಸೆಟ್ಟಿಂಗ್ ಒಂದಿದೆ, ಸೋನಿಲಿ ಮೋಷನ್‌ಫ್ಲೋ, ಎಲ್‌ಜಿಲಿ ಟ್ರೂಮೋಷನ್ ಅಂತ ಇರುತ್ತೆ, ಅದನ್ನ ಆಫ್ ಮಾಡದಿದ್ರೆ ಡಂಬಲ್‌ಡೋರ್ ಸಂಜೆ ಧಾರಾವಾಹಿ ಮಾವನವರ ಥರ ಓಡಾಡ್ತಾನೆ. ಕತ್ತಲೆ ಸಿನಿಮಾಗೆ ನನ್ನ ಓಟು ಒಎಲ್‌ಇಡಿಗೆ, ದುಡ್ಡಿದ್ರೆ. ಹಬ್ಬದ ಆಫರ್‌ನಲ್ಲಿ ಬರೋ ಅಗ್ಗದ ದೊಡ್ಡ ಪರದೆಗೆ ಮರುಳಾಗ್ಬೇಡಿ. ನಾನು ತಗೊಂಡಿದ್ದೆ, ಹೆಸರು ಬೇಡ, ಅದರಲ್ಲಿ ಕೆರೆಯಿಂದ ಎದ್ದು ಬರೋ ಹೆಣಗಳು ಕಾಣಿಸ್ಲೇ ಇಲ್ಲ, ಸದ್ದು ಮಾತ್ರ ಬಂತು. ಆಪ್‌ನಲ್ಲಿ ನೋಡೋದಾದ್ರೆ ಡೇಟಾ ಸೇವರ್ ತೆಗೀರಿ, ಇಲ್ಲಾಂದ್ರೆ ಕಪ್ಪೆಲ್ಲ ಚೌಕ ಚೌಕ. ಡಿಸ್ಕ್ ಸಿಕ್ಕಿದ್ರೆ ಅದೇ ವಾಸಿ, ಡಿಲೀಟ್ ಆದ ಸೀನ್‌ಗಳಲ್ಲಿ ಫ್ಲಿಟ್‌ವಿಕ್ ಮೇಷ್ಟ್ರು ಶಾಲೆ ಮಕ್ಕಳ ಕೈಲಿ ಹಾಡಿಸೋದು ಒಂದಿದೆ, ಅದನ್ನ ಯಾಕೆ ಕತ್ತರಿಸಿದ್ರೋ. ಗೋಪುರದ ಸೀನ್ ಮುಂಚೆ ಅದನ್ನ ಕೇಳಿಸಿದ್ರೆ ಮೈ ಜುಮ್ ಅನ್ನುತ್ತೆ.

ಚಿಕ್ಕದಕ್ಕೆ 11 ಅಂದ್ರಲ್ಲ, ಅಮೆರಿಕದಲ್ಲಿ ಇದಕ್ಕೆ ಬರೀ ಪಿಜಿ (ಅಪ್ಪ-ಅಮ್ಮ ನೋಡ್ಕೊಂಡು ತೋರಿಸ್ಬಹುದು) ಸರ್ಟಿಫಿಕೇಟ್ ಕೊಟ್ಟಿದ್ರು ಅಂತ ಧೈರ್ಯ ಮಾಡ್ಬೇಡಿ. ಗುಹೆ ಭಾಗ ರಾತ್ರಿ ಊಟಕ್ಕೆ ಮುಂಚೆ ಮುಗೀಲಿ. ಬಚ್ಚಲಲ್ಲಿ ರಕ್ತ ಹರಿಯೋದೂ ಇದೆ.

ಮತ್ತೆ, ಎಂಟೂ ಸೇರಿ 1,179 ನಿಮಿಷ, ಹತ್ತಿರ ಹತ್ತಿರ 20 ಗಂಟೆ. ನಿಮಗೆ ಇನ್ನು ಉಳಿದಿರೋದು ಮೂರು, 429 ನಿಮಿಷ. ಏಳು, ಎಂಟು ಒಂದೇ ದಿನ ಹಾಕಿ ಮುಗಿಸ್ಬೇಡಿ. ಆರು ಒಂದು ಸಂಜೆ, ಮಾರನೇ ದಿನ ಏನೂ ಬೇಡ, ಅವರು ಜಗಳ ಆಡ್ಲಿ. ಏಳರ ಟೆಂಟ್ ಭಾಗದಲ್ಲಿ ಚುರುಮುರಿ ತೆಗೀರಿ, ಆಗಲೇ ಕೇಳೋದು. ಏಳು ಹಾಕೋ ಮುಂಚೆ ಎರಡು ಮಾತು: ಒಂದು, ಡಾಬಿ ಅನ್ನೋ ಎಲ್ಫ್ ಎರಡನೇ ಸಿನಿಮಾ ಬಿಟ್ರೆ ಮತ್ತೆ ಏಳರಲ್ಲೇ ಕಾಣೋದು, ಮಧ್ಯೆ ಪುಸ್ತಕಗಳಲ್ಲಿ ಅವನು ಹಾಗ್ವರ್ಟ್ಸ್ ಅಡುಗೆಮನೆ ಸೇರಿದ್ದು, ಡ್ರೇಕೋ ಹಿಂದೆ ಗೂಢಚಾರಿಕೆ ಮಾಡಿದ್ದು ಹೇಳಿಡಿ, ಇಲ್ದಿದ್ರೆ ಆ ಸಮುದ್ರದ ದಡದಲ್ಲಿ ಅಳು ಬರಲ್ಲ. ಇನ್ನೊಂದು, ಹ್ಯಾರಿ ಕೈಲಿರೋ ಕನ್ನಡಿ ಚೂರು. ಹ್ಯಾರಿ ಗಾಡ್‌ಫಾದರ್ ಸಿರಿಯಸ್ ಕೊಟ್ಟದ್ದು ಅದು, ಐದನೇ ಸಿನಿಮಾದಲ್ಲಿ ತೋರಿಸೋದೇ ಮರೆತ್ರು.

ಹಿಂದಿ ಡಬ್ಬಿಂಗ್ ಹಾಕಲಾ ಅಂತ ಕಾಮೆಂಟಲ್ಲಿ ಇನ್ಯಾರೋ ಕೇಳಿದ್ದಾರೆ. ಮಕ್ಕಳಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋ ಅಭ್ಯಾಸ ಇದ್ರೆ ಮೂಲವೇ ಹಾಕಿ. ರಿಕ್‌ಮನ್ ದನಿ ತೆಗೆದ್ರೆ ಸ್ನೇಪ್‌ನಲ್ಲಿ ಉಳಿಯೋದು ಕಪ್ಪು ನಿಲುವಂಗಿ ಮಾತ್ರ. ಕನ್ನಡದಲ್ಲಿ ಬಂದಿದ್ರೆ ನಮ್ಮಮ್ಮನೂ ನೋಡ್ತಿದ್ರು, ಆ ಕಾಲಕ್ಕೆ ನಮ್ಮಲ್ಲಿ ಡಬ್ಬಿಂಗ್ ಮಾತೆತ್ತಿದ್ರೆ ಬೀದಿ ಗಲಾಟೆ. ಅದು ಬೇರೆ ಪೋಸ್ಟಿನ ವಿಷಯ, ಇಲ್ಲಿ ಶುರು ಮಾಡ್ಬೇಡಿ.

ಶನಿವಾರ ಹಾಕೋದಾದ್ರೆ ಟವೆಲ್ ದಟ್ಟ ಬಣ್ಣದ್ದೇ ಇರ್ಲಿ, ಬೆಳ್ಳಿ ಸರ ಚೆನ್ನಾಗಿ ಕಾಣುತ್ತೆ. ಮತ್ತೆ ಸೋಫಾ ಕೆಳಗೆ ಮೊದಲೇ ಗುಡಿಸಿಡಿ.