ಎಡಿನ್‌ಬರೊ ಪುಸ್ತಕೋತ್ಸವದ ಟಿಕೆಟ್ ಇಲ್ಲಿಂದಲೇ ಕೊಳ್ಳುವುದು
ಆಗಸ್ಟ್‌ನಲ್ಲಿ ಮಗಳ ಮನೆಗೆ ಹೋದಾಗ ಎಡಿನ್‌ಬರೊ ಪುಸ್ತಕೋತ್ಸವದಲ್ಲಿ ನೆಚ್ಚಿನ ಲೇಖಕಿಯ ಮಾತು ಕೇಳಬೇಕು, ಟಿಕೆಟ್ ಬೆಂಗಳೂರಿನಿಂದಲೇ ಸಿಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ, ಆದರೆ ಆಗಸ್ಟ್‌ವರೆಗೆ ಕಾಯಬೇಡಿ. ಮಾರಾಟ ಜೂನ್‌ನಲ್ಲೇ ಶುರುವಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ: ಅಲ್ಲಿ ಬೆಳಿಗ್ಗೆ 10 ಅಂದರೆ ನಮಗೆ ಮಧ್ಯಾಹ್ನ 2.30. ಚಳಿಗಾಲದ ಐದೂವರೆ ಗಂಟೆಯ ಲೆಕ್ಕ ಹಿಡಿದರೆ ಒಂದು ಗಂಟೆ ತಡವಾಗುತ್ತೆ, ದೊಡ್ಡ ಹೆಸರಿನವರ ಟಿಕೆಟ್ ಅಷ್ಟರಲ್ಲಿ ಮುಗಿದಿರಬಹುದು.

ಹೆಚ್ಚು ಜನ ಎಡವುವುದು ಹಣ ಕಟ್ಟುವಾಗ. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಬಂದ್ ಆಗಿರುತ್ತೆ. ಹಿಂದಿನ ದಿನವೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ನೋಡಿಕೊಳ್ಳಿ. ಉತ್ಸವದ ಜಾಲತಾಣದಲ್ಲಿ ಖಾತೆ ಮೊದಲೇ ತೆರೆದಿಡಿ. ಸೋಲ್ಡ್ ಔಟ್ ಎಂದು ಬಂದರೂ ಕೈಬಿಡಬೇಡಿ. ವಾಪಸಾದ ಟಿಕೆಟ್‌ಗಳಿಗಾಗಿ ಕಾರ್ಯಕ್ರಮದ ದಿನ ಬಾಕ್ಸ್ ಆಫೀಸಿನಲ್ಲಿ ವಿಚಾರಿಸಿ.